ಅಡ್ಡ ಹಿಡಿದ ಅಂಗೈ

ಬೆಟಗೇರಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಪಕ್ಕ ಗೆಳೆಯನೊಬ್ಬನ ಮೊಬೈಲ್ ರಿಪೇರಿ ಅಂಗಡಿ ಇತ್ತು. ತನ್ನ ಫೋನಿನಲ್ಲಿ ಕಂಪನಿ ಕೊಟ್ಟ ಸಾಫ್ಟ್‌ವೇರನ್ನು ಪೂರ್ತಿ ಅಳಿಸಿ, ಒಳಗಿನ ಮಾಹಿತಿ ಯಾರಿಗೂ ಮುಟ್ಟಿಸದ ಬೇರೆಯದನ್ನು ಹಾಕಿಕೊಂಡಿದ್ದ. ಯಾರಾದರೂ ಫೋಟೊ ತೆಗೆಯಲು ಬಂದರೆ ಅಂಗೈ ಅಡ್ಡ ಹಿಡಿಯುತ್ತಿದ್ದ.

"ನಿಂದೂ ಕೊಡಲೇ, ಹಾಕಿ ಕೊಡ್ತೀನಿ," ಅನ್ನುತ್ತಿದ್ದ.

"ರೊಕ್ಕ ಕಳಸೂ ಆ್ಯಪ್ ಅದರಾಗ ನಡೀತೈತೇನು?"

"ಒಂದೊಂದು ನಡಿಯಂಗಿಲ್ಲ. ಶಟರ್ ಮಾಡಾಂವ ನೀನು, ನಿನ್ನ ಫೋನಿಗೇ ಬಾಗಿಲ ಇಲ್ಲಲೇ!"

ದಿನಾ ಇದೇ ಮಾತು. ನಾನು ನಕ್ಕು ಕೆಲಸ ಹಿಡಿಯುತ್ತಿದ್ದೆ.

ಹೋದ ಶ್ರಾವಣದಲ್ಲಿ ಮುಂಡರಗಿ ರಸ್ತೆಯಲ್ಲಿ ಬೈಕ್ ಮೇಲಿಂದ ಬಿದ್ದು ತೀರಿಕೊಂಡ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಫೋಟೊ ಬೇಕಾಯಿತು. ಅವನು ಯಾರಿಗೂ ಫೋಟೊ ಕಳಿಸಿದವನಲ್ಲ. ಇದ್ದದ್ದೆಲ್ಲ ಆ ಫೋನಿನೊಳಗೇ. ಅವನ ಹೆಂಡತಿ ಅದನ್ನು ತಂದು ನನ್ನ ಕೈಗಿಟ್ಟಳು.

"ಅಣ್ಣಾರ, ಕೀಲಿ ಕಳದ್ರ ಎಲ್ಲಾರ ಶಟರ್ ನೀವ ತಗೀತೀರಿ. ಇದನ್ನೂ ತಗೀರಿ. ಮಗಳ ಕೂಡ ನಕ್ಕೋತ ನಿಂತ ಫೋಟೊ ಐತಿ ಅದರಾಗ."

ಬೀಗ ತೆಗೆಯಲಾರದೆ ಗಿರಾಕಿಯನ್ನು ಹಿಂದೆ ಕಳಿಸಿದವನಲ್ಲ ನಾನು. ಅವಳು ಹೇಳಿದ ಅಂಕಿ ಒತ್ತಿದೆ. ಮಗಳು ಹುಟ್ಟಿದ ತಾರೀಖು ಒತ್ತಿದೆ. ತೆರೆಯಲಿಲ್ಲ. ಗದಗಿನ ದೊಡ್ಡ ಮೊಬೈಲ್ ಅಂಗಡಿಯವರು, "ಒಳಗಿಂದೆಲ್ಲಾ ಅಳಿಸಿ ಕೊಡ್ತೀವ್ರಿ, ಫೋಟೊ ತಗದು ಕೊಡಾಕ ಆಗಂಗಿಲ್ಲ," ಅಂದರು.

ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿದೆವು. ಬೆಳಕಿಗೆ ಬೆಚ್ಚಿದ ಮುಖ, ಅರ್ಧ ಮುಚ್ಚಿದ ಕಣ್ಣು. ಚೌಕಟ್ಟನ್ನು ನಾನೇ ವೆಲ್ಡ್ ಮಾಡಿದೆ. ಓಣಿಯ ತಿರುವಿನಲ್ಲಿ ನಿಲ್ಲಿಸಿದಾಗ ಹೋಗಿ ಬರುವವರೆಲ್ಲ ನಿಂತು ಅವನನ್ನು ನೋಡಿದರು. ಅಂಗೈ ಅಡ್ಡ ಹಿಡಿಯಲು ಅವನಿರಲಿಲ್ಲ.