ಹಳೇ ಸರ್ವರ್ ಅನ್ನು ಕೇಳಿದ ಆಪರೇಟರ್

ನನ್ನ ಹೆಂಡತಿಯನ್ನು ಬೀದಿಯವರು ಈಗಲೂ ಟ್ರಂಕಾಲ್ ಎಂದೇ ಕರೆಯುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಾನು ಪಿಟೀಲು ರಿಪೇರಿಯವನು. ತಂತಿ ತರಿಸಲೆಂದು ಒಮ್ಮೆ ದೂರದೂರಿಗೆ ಫೋನ್ ಬುಕ್ ಮಾಡಿದಾಗ "ಲೈನ್ ಸಿಕ್ತು, ಮಾತಾಡಿ" ಎಂದಿತು ಅವಳ ದನಿ. ಅಂದು ಶುರುವಾದ ಮಾತು ಇನ್ನೂ ಮುಗಿದಿಲ್ಲ.

ನಿವೃತ್ತಿಯಾದ ಮೇಲೆ ಅವಳ ಕೈಗೆ ಸಿಕ್ಕಿದ್ದು ಡಿಗ್. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಟೈಪ್ ಮಾಡುವ ಒಂದು ಆಜ್ಞೆ. ಯಾವುದಾದರೂ ವೆಬ್‌ಸೈಟಿನ ಹೆಸರು ಕೊಟ್ಟರೆ ಅದು ಯಾವ ಯಂತ್ರದಲ್ಲಿ ಕೂತಿದೆ, ಅದರ ಈಮೇಲ್ ಯಾರ ಬಾಗಿಲಿಗೆ ಹೋಗಬೇಕು ಎಂದು ವಿಳಾಸಗಳ ಲೆಕ್ಕವಿಟ್ಟಿರುವ ಸರ್ವರುಗಳನ್ನು ವಿಚಾರಿಸಿ ಹೇಳುತ್ತದೆ.

"ನೋಡ್ರೀ, ಒಬ್ಬ ಇನ್ನೊಬ್ಬನ್ನ ಕೇಳ್ತಾನೆ, ಅವನು ಮತ್ತೊಬ್ಬನ್ನ. ಥೇಟ್ ನಮ್ಮ ಎಕ್ಸ್‌ಚೇಂಜೇ" ಎಂದು ಕುಣಿದಾಡಿದಳು. ಬೇಕರಿಯವನ ಸೈಟನ್ನೂ ಬಿಡಲಿಲ್ಲ, ಹಲ್ಲಿನ ಡಾಕ್ಟರದ್ದನ್ನೂ ಬಿಡಲಿಲ್ಲ. ಊರ ಉಸಾಬರಿಯೆಲ್ಲ ನಮ್ಮ ಅಡುಗೆಮನೆಯ ಮೇಜಿನ ಮೇಲೆ!

ಕೊನೆಗೆ ಮನೆಗೇ ಒಂದು ಡೊಮೈನ್, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಹೆಸರು, ಕೊಂಡಳು. ಮಗಳಿಗೂ ಅದರಲ್ಲೇ ಈಮೇಲ್. ಮೊನ್ನೆ ಅದರ ವಿಳಾಸಗಳ ಪಟ್ಟಿ ಇಟ್ಟುಕೊಳ್ಳುವ ಕೆಲಸವನ್ನು ಬೇರೆ ಕಂಪನಿಗೆ ಸಾಗಿಸಿ, ಡಿಗ್ ಹೊಡೆದು ನೋಡಿ, "ಎಲ್ಲಾ ಸರಿಯಾಗಿದೆ" ಎಂದು ಬೀಗಿದಳು.

ಮಗಳು ರೈಲು ಎಂಜಿನ್ ಓಡಿಸುವ ತರಬೇತಿಗೆ ಅರ್ಜಿ ಹಾಕಿದ್ದಳು. ಚಿಕ್ಕಂದಿನಿಂದ ಅವಳಿಗೆ ಅದೊಂದೇ ಹುಚ್ಚು. ಸೀಟು ಸಿಕ್ಕವರಿಗೆ ಈಮೇಲ್ ಬರುತ್ತದೆ, ಅಂದೇ ಸಂಜೆ ಐದರೊಳಗೆ ಒಪ್ಪಿಗೆ ಕೊಡಬೇಕು, ಇಲ್ಲವಾದರೆ ಸೀಟು ಬೇರೆಯವರ ಪಾಲು. ಆ ದಿನ ಇವಳಿಗೆ ಏನೂ ಬರಲಿಲ್ಲ. ಮಧ್ಯಾಹ್ನ ಕಚೇರಿಗೆ ಫೋನ್ ಮಾಡಿದಳು.

"ಸಿಕ್ಕಿದವರಿಗೂ ಸಿಗದವರಿಗೂ ಬೆಳಿಗ್ಗೆನೇ ಕಳಿಸಿದೀವಿ. ಫೋನಲ್ಲಿ ಏನೂ ಹೇಳೋ ಹಾಗಿಲ್ಲ" ಎಂದರು ಅಲ್ಲಿಯವರು.

ಹೆಂಡತಿ ಡಿಗ್ ಹೊಡೆದಳು. ಉತ್ತರದಲ್ಲಿ ಈಮೇಲಿನ ವಿಳಾಸದ ಸಾಲೇ ಇಲ್ಲ. ಹೊಸ ಕಂಪನಿಯಲ್ಲಿ ಸೈಟಿನ ವಿಳಾಸ ತುಂಬಿದವಳು ಈಮೇಲಿನದನ್ನು ತುಂಬುವುದನ್ನೇ ಮರೆತಿದ್ದಳು. ಮೊನ್ನೆ ಸರಿಯಾಗಿ ಕಂಡದ್ದು ಪಕ್ಕದ ಸರ್ವರಿನ ನೆನಪಿನಲ್ಲಿ ಉಳಿದಿದ್ದ ಹಳೇ ಉತ್ತರ.

"ಪಕ್ಕದೋರ ಮಾತು ನಂಬಬೇಡಿ, ನಂಬರ್ ಇಟ್ಕೊಂಡಿರೋ ಎಕ್ಸ್‌ಚೇಂಜನ್ನೇ ಕೇಳಿ ಅಂತ ಹೊಸಬರಿಗೆಲ್ಲ ಪಾಠ ಹೇಳಿದೋಳು ನಾನು" ಎಂದು ತಲೆ ಚಚ್ಚಿಕೊಂಡಳು.

"ಮಾಡಿದ್ದುಣ್ಣೋ ಮಹಾರಾಯ" ಎಂದೆ. ನನ್ನ ಬಾಯಿಗೆ ಬೀಗವಿಲ್ಲ. ಮಗಳು ನುಂಗುವಂತೆ ನೋಡಿದಳು.

"ಅಮ್ಮ, ಆ ಹಳೇ ವಿಳಾಸ ನೆನಪಿದೆಯಾ?"

"ನನಗಿಲ್ಲ. ಇರೋರನ್ನ ಕೇಳ್ತೀನಿ."

ಹಳೇ ಕಂಪನಿಯ ಸರ್ವರನ್ನೇ ಹೆಸರು ಹಿಡಿದು ಕೇಳಿದಳು. ಅದನ್ನು ಈಗ ಯಾರೂ ವಿಚಾರಿಸುವುದಿಲ್ಲ, ಆದರೆ ನಮ್ಮ ಸಾಲನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿತ್ತು. ಕ್ಷಣದಲ್ಲಿ ಉತ್ತರ ಪರದೆಯ ಮೇಲೆ ಬಂತು. ಅವಳು ಅದನ್ನು ಹೊಸ ಕಂಪನಿಯಲ್ಲಿ ತುಂಬಿ, ಈ ಸಲ ಆ ಕಂಪನಿಯ ಸರ್ವರನ್ನೇ ಕೇಳಿ ಖಾತ್ರಿ ಮಾಡಿಕೊಂಡಳು.

"ಬೆಳಗಿನ ಈಮೇಲ್ ಹೋಗೇಬಿಡ್ತಲ್ಲಮ್ಮ."

"ಅಷ್ಟು ಬೇಗ ಹೋಗಲ್ಲ. ಈಮೇಲಿನ ಸಾಲಿಲ್ದಿದ್ರೆ ಸೈಟಿನ ಬಾಗಿಲಿಗೇ ಬರುತ್ತೆ, ಅದು ಹಾಕಿದ್ರೆ ಕಳಿಸಿದೋರ ಹತ್ರನೇ ಕಾದಿದ್ದು, ಆಗಾಗ ಬಂದು ತಟ್ಟುತ್ತೆ."

ಮೂವರೂ ಕಾದೆವು. ಗಂಟೆ ನಾಲ್ಕಾಯಿತು, ನಾಲ್ಕೂವರೆಯೂ ದಾಟಿತು. ನಾನು ಯಾರದೋ ಪಿಟೀಲಿನ ತಂತಿ ಬಿಗಿಯುವ ಬಿರಡೆಯನ್ನು ಸುಮ್ಮನೆ ತಿರುವುತ್ತ ಕೂತಿದ್ದೆ.

ಟಿಂಗ್ ಎಂದಿತು. ಮಗಳು ಓದಿದಳು, ಮತ್ತೊಮ್ಮೆ ಓದಿದಳು.

"ಸಿಕ್ಕಿದೆ" ಎಂದಳು. ಒಪ್ಪಿಗೆಯ ಗುಂಡಿ ಒತ್ತಲು ಹೋದ ಬೆರಳನ್ನು ಹಿಂದೆಳೆದುಕೊಂಡು ಮೂರನೇ ಸಲ ಓದಿದಳು.

ಹೆಂಡತಿ ಅವಳ ಭುಜದ ಮೇಲೆ ಕೈಯಿಟ್ಟು, ನಾನು ಎಷ್ಟೋ ವರ್ಷಗಳಿಂದ ಕೇಳಿರದ ಆ ದನಿಯಲ್ಲಿ ಹೇಳಿದಳು: "ಲೈನ್ ಸಿಕ್ತು, ಮಾತಾಡಿ."

ಮಗಳು ಗುಂಡಿ ಒತ್ತಿದಳು.