ನಾರಾಯಣಮ್ಮ ದೊಡ್ಡಮ್ಮನ ಸುಣ್ಣ

ನಮ್ಮ ನಾರಾಯಣಮ್ಮ ದೊಡ್ಡಮ್ಮ ಯಾರು ಬಂದರೂ ಮುಖ ನೋಡುತ್ತಿರಲಿಲ್ಲ, ಮೊದಲು ಪಾದ ನೋಡುತ್ತಿದ್ದಳು. ಯಾರ ಮನೆ ಮಣ್ಣು ಮೆಟ್ಟಿಕೊಂಡು ಬಂದಿದ್ದಾರೆ, ಆ ಮನೆಯ ರೇಷ್ಮೆ ಹುಳುವಿಗೆ ಈಚೆಗೆ ರೋಗ ಬಂದಿತ್ತಾ, ಇಷ್ಟು ಮನಸ್ಸಿನಲ್ಲೇ ವಿಚಾರಣೆ ಮುಗಿದ ಮೇಲೆ ‘ಬಾರಪ್ಪ, ಕೂತ್ಕೊ’ ಎನ್ನುವುದು. ದಿಬ್ಬೂರಹಳ್ಳಿಯ ಅವಳ ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಬಿದ್ದಿರುತ್ತಿತ್ತು. ಅದರ ಮೇಲೆ ಕಾಲೊರೆಸದೆ ಪಂಚಾಯ್ತಿ ಮೆಂಬರಿಗೂ ಪ್ರವೇಶವಿಲ್ಲ. ಒಮ್ಮೆ ನಾನು ಫೋಟೋ ತೆಗೆಯಲು ಹೋದರೆ, ‘ಆ ಫೋನ್ ಎಲ್ಲೆಲ್ಲಿ ಇಟ್ಟಿದ್ದೀಯೋ, ಅದನ್ನೂ ತೊಳ್ಕೊಂಡು ಬಾರೇ’ ಎಂದಳು.

ನನಗೆ ಅವಳು ಇಷ್ಟವಾಗಿದ್ದೇ ಇದಕ್ಕೆ. ನಾನು ಓದಿದ್ದು ಬಿಕಾಂ. ಚಿಂತಾಮಣಿಯ ಮೆಡಿಕಲ್ ಸ್ಟೋರೊಂದರ ಕೌಂಟರಿನಲ್ಲಿ ಕೂತು, ಗಿರಾಕಿ ಇಲ್ಲದಾಗಲೆಲ್ಲ ಮೊಬೈಲಿನಲ್ಲಿ ಬ್ಯಾಕ್ಟೀರಿಯಾಗಳ ವಿಷಯ ನೋಡಿ ನೋಡಿ ಹುಚ್ಚು ಹತ್ತಿಸಿಕೊಂಡವಳು. ಕಣ್ಣಿಗೆ ಕಾಣದ್ದನ್ನು ಅನುಮಾನಿಸುವವರು ಇಡೀ ನೆಂಟರಿಷ್ಟರಲ್ಲಿ ನಾವಿಬ್ಬರೇ.

ದೊಡ್ಡಪ್ಪ ಹಿಪ್ಪುನೇರಳೆ ತೋಟದಲ್ಲಿ ಕೊಯ್ದ ಕಡ್ಡಿಯ ಮೊನೆ ತುಳಿದ. ಸಕ್ಕರೆ ಕಾಯಿಲೆಯ ಕಾಲು, ಗಾಯ ಮಾಯಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಇನ್ನೇನು ವಾಸಿಯಾಯಿತು ಎನ್ನುವಾಗ ಗಾಯ ಮತ್ತೆ ಕೀವು ಕಟ್ಟಿತು. ಪರೀಕ್ಷೆ ಮಾಡಿಸಿದ ಡಾಕ್ಟರು, ಇದು ಮಾಮೂಲಿ ಆಂಟಿಬಯಾಟಿಕ್ಕಿಗೆ ಬಗ್ಗದ ಬ್ಯಾಕ್ಟೀರಿಯಾ, ಬೇರೆ ಔಷಧ ಕೊಡುತ್ತೇವೆ, ಅದಕ್ಕೂ ಬಗ್ಗದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದರು.

‘ಮನೆಯಿಂದ ಬರೋವಾಗ ಇದಿರ್ಲಿಲ್ಲ. ಎವುರು ಮುಟ್ಟಿಂದಿ?’ ಎಂದಳು ದೊಡ್ಡಮ್ಮ. ಸಿಟ್ಟು ಬಂದರೆ ಅವಳಿಗೆ ತೆಲುಗು. ಯಾರು ಮುಟ್ಟಿದ್ದು? ಅಂದಿನಿಂದ ನರ್ಸಿನ ಕೈ, ಪಕ್ಕದ ಮಂಚದವರ ನೆಂಟರು, ಊಟದ ಗಾಡಿ ತಳ್ಳುವವನು, ಎಲ್ಲರ ಮೇಲೂ ಅವಳ ಕಣ್ಣು. ಇಂಥ ಬ್ಯಾಕ್ಟೀರಿಯಾ ಮಂಚದ ಕಂಬಿ, ಪರದೆ, ನಲ್ಲಿ ತಿರುಪಿನ ಮೇಲೂ ದಿನಗಟ್ಟಲೆ ಕೂತಿರಬಲ್ಲದು ಎಂದೆ. ‘ಕಂಬಿಗೆ ಕಾಲಿದ್ದಾವೇನೇ, ಯಾರೋ ತಂದು ಅಂಟಿಸ್ಬೇಕಲ್ಲ’ ಎಂದಳು.

ರೇಷ್ಮೆ ಹುಳು ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂತವೆ’ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಾರೆ. ದೊಡ್ಡಪ್ಪನಿಗೆ ಜ್ವರ ಏರಿದೆ ಎಂದು ನರ್ಸ್ ಹೇಳಿದ ದಿನ ನಾನು ವಾರ್ಡಿಗೆ ಹೋದರೆ, ಮಂಚದ ಸುತ್ತ ಬೆಳ್ಳಗೆ ಸುಣ್ಣ!

‘ಏನಮ್ಮಾ ಇದು, ವಾರ್ಡಾ, ರಂಗೋಲಿ ಅಂಗಳಾನಾ?’ ನರ್ಸ್ ಕೂಗಾಡುತ್ತಿದ್ದರು.

‘ನಮ್ಮ ಹುಳು ಮನೆ ಇದಕ್ಕಿಂತ ಚೊಕ್ಕಟವಾಗೈತೆ ತಾಯಿ.’

‘ನಿಮ್ಮ ಹುಳ ನೋಡೋಕೆ ಇಷ್ಟು ಜನ ನೆಂಟ್ರು ಬರ್ತಾರಾ?’

ದೊಡ್ಡಮ್ಮ ದೊಡ್ಡಪ್ಪನ ಬೆವರು ಒರೆಸಲು ತಿರುಗಿದಳು. ನನಗಂತೂ ಹಬ್ಬ. ಬ್ಯಾಕ್ಟೀರಿಯಾ ಕೈಯಿಂದ ಕೈಗೆ ಹರಡುವುದನ್ನು ಮೊಬೈಲಿನಲ್ಲಿ ಬಣ್ಣದ ಪುಡಿಯಿಂದ ಮಾಡಿ ತೋರಿಸುವ ಪ್ರಯೋಗ ಇಲ್ಲಿ ತಾನಾಗಿ ಆಗಿಹೋಗಿತ್ತು. ಸುಣ್ಣ ನೆಲದಲ್ಲಿ ನಿಂತಿರಲಿಲ್ಲ. ಗ್ಲೂಕೋಸ್ ಸ್ಟ್ಯಾಂಡಿನ ಮೇಲೆ, ಕಂಬಿಯ ಮೇಲೆ, ನಲ್ಲಿಯ ಮೇಲೆ, ಪಕ್ಕದ ಮಂಚದ ಊಟದ ಡಬ್ಬಿಯ ಮೇಲೆ ಬಿಳಿ ಬೆರಳಚ್ಚುಗಳು. ‘ನೋಡು ದೊಡ್ಡಮ್ಮ, ಅದೂ ಹಿಂಗೇ ಓಡಾಡೋದು!’ ಎಂದು ಒಂದೊಂದನ್ನೇ ತೋರಿಸಿದೆ. ಅವಳೂ ಬಗ್ಗಿ ನೋಡುತ್ತಾ ಬಂದಳು, ಕಳ್ಳನ ಜಾಡು ಸಿಕ್ಕವಳ ಹಾಗೆ. ದೊಡ್ಡಪ್ಪನ ಕಾಲಿನ ಬ್ಯಾಂಡೇಜಿನ ಅಂಚಿನಲ್ಲಿ ಒಂದು ಬಿಳಿ ಪಟ್ಟೆ ಇತ್ತು. ಅದನ್ನು ನೋಡಿದಳು, ತನ್ನ ಸೆರಗು ನೋಡಿದಳು. ಕಂಬಿ ಒರೆಸಿದ್ದು, ಲೋಟ ಒರೆಸಿದ್ದು, ದೊಡ್ಡಪ್ಪನ ಬೆವರು ಒರೆಸಿದ್ದು ಎಲ್ಲ ಆ ಸೆರಗಿನಲ್ಲೇ. ಅದು ಪೂರಾ ಬಿಳಿ.

‘ಇದು ಸುಣ್ಣ ಅಷ್ಟೇ, ಎಲ್ಲರ ಕೈಯದೂ ಇದೆ’ ಎಂದೆ. ಅವಳು ಆಗಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದಳು.

ಹೊಸ ಔಷಧಕ್ಕೂ ಅದು ಬಗ್ಗಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು.

ಕಡೆಯ ಸಲ ನೋಡಿದಾಗ ದೊಡ್ಡಮ್ಮ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ತೊಳೆದು ತೊಳೆದು ಚರ್ಮ ಸುಲಿದಿತ್ತು. ‘ನೀನು ಓದ್ಕೊಂಡಿದ್ದೀಯ. ನಿಜ ಹೇಳೇ, ನಾನಾ?’

‘ಗೊತ್ತಿಲ್ಲ ದೊಡ್ಡಮ್ಮ. ನಾವು ಹೋಗೋಕೆ ಮುಂಚೇನೇ ಆ ಮಂಚದ ಮೇಲೆ ಇದ್ದಿರ್ಬೋದು. ಅದನ್ನ ಈಗ ಯಾರೂ ಹೇಳೋಕಾಗಲ್ಲ.’

‘ನೀನೂ ಸುಳ್ಳು ಹೇಳೋದು ಕಲಿತ್ಬಿಟ್ಟೆ’ ಎಂದು ಕೈ ಹಿಂದಕ್ಕೆಳೆದುಕೊಂಡಳು.

ನಾನು ಸುಳ್ಳು ಹೇಳಿರಲಿಲ್ಲ. ಇನ್ನೊಂದು ಸಲ ಹೋಗಿ ನಂಬಿಸಬೇಕು ಅಂದುಕೊಂಡಿದ್ದೆ. ಹೋದದ್ದು ಅವಳ ತಿಥಿಗೆ. ಎದೆನೋವು ಅಂದಳಂತೆ, ಅಷ್ಟೇ.

ಊಟದೆಲೆ ಎತ್ತಿದ ಮೇಲೆ ದೊಡ್ಡಪ್ಪ ಊರುಗೋಲು ಊರಿಕೊಂಡು ನನ್ನ ಪಕ್ಕ ಬಂದು ಕೂತ. ದನಿ ತಗ್ಗಿಸಿ ಕೇಳಿದ: ‘ಆಸ್ಪತ್ರೆಯಿಂದ ಬಂದ್ಮೇಲೆ ಒಂದಿನಾನೂ ನನ್ನ ಮುಟ್ಟಲಿಲ್ಲ ಕಣಮ್ಮ ಅವಳು. ತಟ್ಟೆ ದೂರದಿಂದ ತಳ್ಳೋಳು. ನನ್ನ ಮೇಲೆ ಏನು ಕೋಪ ಅಂತ, ನಿನ್ಗಾದ್ರೂ ಹೇಳಿದ್ಲಾ?’