ಸಾಲೋಮನನ ನಾಲಗೆ ಮತ್ತು ಭಾಲ್ಕಿಯ ಮಸುಕು ಸೀಸೆ

ನಿಜಾಮರ ರಾಜ್ಯದಲ್ಲಿ ಆಗ ಬಿರುದುಗಳಿಗೆ ಬರವಿರಲಿಲ್ಲ. ಜಂಗ್ ಎನಿಸಿಕೊಂಡವರಿದ್ದರು, ದೌಲಾ ಎನಿಸಿಕೊಂಡವರಿದ್ದರು, ಕುದುರೆ ಏರಲು ಸ್ಟೂಲು ಬೇಡುವ ಬಹಾದ್ದೂರರೂ ಇದ್ದರು. ಆದರೆ ‘ಲ್ಯಾಬೊರೇಟರಿ ಸಾಹೇಬ’ ಎಂಬ ಬಿರುದು ಇದ್ದದ್ದು ಬೀದರಿನ ಒಬ್ಬನಿಗೇ, ಕಮಠಾಣದ ಸಾಲೋಮನನಿಗೆ. ಅದನ್ನು ಹುಜೂರರು ಕೊಟ್ಟದ್ದಲ್ಲ. ಸಾಲೋಮನ ತನಗೆ ತಾನೇ ದಯಪಾಲಿಸಿ, ಯಾರೂ ಎದುರಾಡದ್ದರಿಂದ ವಿನಯದಿಂದ ಸ್ವೀಕರಿಸಿದ್ದ.

ಲ್ಯಾಬೊರೇಟರಿ ಎಂದರೆ ಕೋಟೆಯ ಹೊರಗಿನ ಸಣ್ಣ ದವಾಖಾನೆಯೊಂದರ ಹಿತ್ತಲಲ್ಲಿ ಹಿಂದೆ ಕುದುರೆ ಕಟ್ಟುತ್ತಿದ್ದ ಕೋಣೆ. ಕುದುರೆ ಸತ್ತ ಮೇಲೆ ಒಂದು ಮೇಜು, ಸ್ಪಿರಿಟ್ ದೀಪ, ಗಾಜಿನ ನಳಿಗೆಗಳು ಮತ್ತು ಸಾಲೋಮನ ಅಲ್ಲಿ ಒಕ್ಕಲಾದರು. ಮಳೆಗಾಲದಲ್ಲಿ ಕುದುರೆಯ ವಾಸನೆ ಮಾತ್ರ ತನ್ನ ಹಕ್ಕು ಬಿಡುತ್ತಿರಲಿಲ್ಲ. ಅಲ್ಲಿ ಸಾಲೋಮನ ಬಾವಿ ನೀರು, ಹಾಲು, ಔಷಧದ ಪುಡಿ ಎಲ್ಲವನ್ನೂ ಪರೀಕ್ಷಿಸುತ್ತಿದ್ದ. ಅವನ ವಿಶೇಷ ಅಧಿಕಾರವಿದ್ದದ್ದು ಜೋಮಿನ ಔಷಧದ ಮೇಲೆ. ಕುದಿಸಿ ಆರಿಸಿದ ಉಪ್ಪುನೀರಿಗೆ ಮುಂಬಯಿಯಿಂದ ಬಂದ ಕೊಕೇನಿನ ಬಿಳಿ ಪುಡಿ ಬೆರೆಸಿ, ಸೀಸೆಗಳಿಗೆ ತುಂಬಿ, ಬೂಚು ಬಿಗಿದು ಭಾಲ್ಕಿಗೂ ಔರಾದಿಗೂ ಕಳಿಸುವುದು. ಅಲ್ಲಿ ಅದನ್ನು ಸೂಜಿಯಿಂದ ಒಸಡಿಗೆ ಚುಚ್ಚಿದರೆ ಹಲ್ಲು ಕಿತ್ತದ್ದು ಹಲ್ಲಿಗೇ ತಿಳಿಯುತ್ತಿರಲಿಲ್ಲ. ಪ್ರತಿಯೊಂದು ಸೀಸೆಯನ್ನೂ ಅವನು ಬಿಸಿಲಿಗೆ ಹಿಡಿದು ಒಳಗೆ ಕಸವಿದೆಯೇ ಎಂದು ನೋಡುತ್ತಿದ್ದ. ಎಂದೂ ಏನೂ ಇರುತ್ತಿರಲಿಲ್ಲ. ಅದೇ ಅವನ ಒಳಗಿನ ಕೊರಗು. ವೈರಿಯೇ ಬಾರದ ಕೋಟೆಯ ಕಾವಲುಗಾರನಂತೆ ಅವನ ಶೌರ್ಯ ತುಕ್ಕು ಹಿಡಿಯುತ್ತಿತ್ತು.

ವೈರಿ ಬಂದದ್ದು ಭಾಲ್ಕಿಯಿಂದ.

ಭಾಲ್ಕಿಯ ಶಾಖೆಯಲ್ಲಿ ಹಲ್ಲು ಕೀಳುತ್ತಿದ್ದವನು ಮಡೆಪ್ಪ. ಹಣೆತುಂಬ ವಿಭೂತಿ, ಬಾಯ್ತುಂಬ ಶರಣರ ಮಾತು, ಬೆಣ್ಣೆಯಂಥ ಕೈ. ಹುಡುಗರಾಗಿದ್ದಾಗ ಇವನೂ ಸಾಲೋಮನನೂ ಬೀದರಿನ ದವಾಖಾನೆಯಲ್ಲಿ ಒಂದೇ ತೊಟ್ಟಿಯ ಮುಂದೆ ಕೂತು ಸೀಸೆ ತೊಳೆದವರು. ಸಾಲೋಮನನ ದವಡೆಹಲ್ಲು ಕಿತ್ತವನೂ ಮಡೆಪ್ಪನೇ. ಅಂದು ಲ್ಯಾಬೊರೇಟರಿ ಸಾಹೇಬ ಅವನ ಸೊಂಟ ಅಪ್ಪಿಕೊಂಡು ಅತ್ತದ್ದನ್ನು ಮಡೆಪ್ಪ ಯಾರಿಗೂ ಹೇಳಿರಲಿಲ್ಲ. ಇಂಥ ಗೆಳೆಯರು ಒಬ್ಬನಿಗೆ ಎಷ್ಟು ಜನ ಸಿಕ್ಕಾರು?

ಈಗ ಆ ಮಡೆಪ್ಪನ ಕೈಯಲ್ಲಿ ಹಲ್ಲು ಕೀಳಿಸಿಕೊಂಡವರ ಗಲ್ಲ ಊದಿಕೊಳ್ಳುತ್ತಿತ್ತು. ಜೋಮು ಅರ್ಧಕ್ಕೇ ಬಿಡುತ್ತಿತ್ತು. ಅದೇ ಔಷಧದಿಂದ ಔರಾದಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ದವಾಖಾನೆಯ ಯಜಮಾನತಿ ಡಾಕ್ಟರ್ ಹೆಲೆನಬಾಯಿ ಮದ್ರಾಸಿನಲ್ಲಿ ಕಲಿತವರು, ಮಾತು ಕಡಿಮೆ.

“ಸಾಲೋಮನ, ಭಾಲ್ಕಿಗೆ ಹೋಗೂಣು. ಅಲ್ಲೇ ತಪಾಸ್ ಮಾಡು. ಹೊಲಸು ಅಲ್ಲೇ ಬೀಳ್ತದ ಅಂದ್ರ ಹಲ್ಲಿನ ಕುರ್ಚಿ ಮುಚ್ಚತೇನಿ. ಮಡೆಪ್ಪ ಬೀದರಿಗೆ ಬಂದು ಮತ್ತ ಸೀಸಾ ತೊಳೀಲಿ.”

ಸಾಲೋಮನನ ಎದೆ ಒಂದೇ ಏಟಿಗೆ ಉಬ್ಬಿತು, ಕುಗ್ಗಿತು. ಕೊನೆಗೂ ಯುದ್ಧ ಬಂದಿತ್ತು. ಆದರೆ ಎದುರಿಗೆ ನಿಂತವನು ಮಡೆಪ್ಪ.

ಲ್ಯಾಬೊರೇಟರಿ ದಂಡಯಾತ್ರೆಗೆ ಹೊರಟಿತು. ನಳಿಗೆಗಳು ಹತ್ತಿಯಲ್ಲಿ ಮಲಗಿದವು, ತೇಜಾಬಿನ, ಎಂದರೆ ಆಸಿಡ್ಡಿನ, ಬಾಟಲಿ ಸಾಲೋಮನನ ತೊಡೆಯ ಮೇಲೆ ರಾಜಕುಮಾರನಂತೆ ಕೂತಿತು. ಔರಾದಿನಿಂದ ತರಿಸಿದ ಸೀಸೆಯೊಂದು ಸಾಕ್ಷಿಯಾಗಿ ಜೊತೆಗಿತ್ತು. ದಮಣಿ ಗಾಡಿಯ ಎತ್ತುಗಳು ಇದೊಂದನ್ನೂ ಲೆಕ್ಕಿಸದೆ ಹಾದಿಯುದ್ದಕ್ಕೂ ಸಗಣಿ ಹಾಕಿದವು.

ಭಾಲ್ಕಿಯ ಜಗಲಿಯ ಮೇಲೆ ರೋಗಿಗಳು ಬಟ್ಟೆಯಿಂದ ಗಲ್ಲ ಕಟ್ಟಿಕೊಂಡು ಕೂತಿದ್ದರು. ಎಲ್ಲರಿಗಿಂತ ಮುಂದೆ ಕೂತಿದ್ದವಳು ಸುಂದರಬಾಯಿ. ಊರಿಗೆಲ್ಲ ಆಯಿಯಾದ ಆ ಮುದುಕಿಯ ನಾಲಗೆಗೆ ಹಲ್ಲುನೋವಿನಿಂದಲೂ ರಜೆ ಸಿಕ್ಕಿರಲಿಲ್ಲ.

“ಬಂದ್ರ ನೋಡ್ರಿ ಬೀದರಿನವರು! ಔಷಧಕ್ಕ ಔಷಧ ಕೊಡ್ಲಾಕ.”

ಸಾಲೋಮನ ಎಲ್ಲರೆದುರೇ ಮೇಜು ಹಾಕಿಸಿದ. ಬಾವಿಯ ನೀರು ನೋಡಿದ, ಶುದ್ಧ. ಸೂಜಿ ತೊಳೆದ ನೀರು ನೋಡಿದ, ಶುದ್ಧ. ಆಮೇಲೆ ಮಡೆಪ್ಪ ಬಳಸುತ್ತಿದ್ದ ಸೀಸೆಯನ್ನು ಬಿಸಿಲಿಗೆ ಎತ್ತಿದ. ಬೀದರಿನಿಂದ ಕನ್ನಡಿಯಂತೆ ಹೊರಟ ನೀರು ಇಲ್ಲಿ ಅಕ್ಕಿ ತೊಳೆದ ನೀರಿನಂತಿತ್ತು!

“ಮೊದಲ ಗುಣ ನೋಡ್ತೇನಿ,” ಎಂದು ಗಂಭೀರವಾಗಿ ಘೋಷಿಸಿ, ಭಾಲ್ಕಿಯ ಔಷಧದ ಒಂದು ಹನಿಯನ್ನು ಚಮಚೆಯಲ್ಲಿ ಹಿಡಿದು ನಾಲಗೆಯ ಮೇಲೆ ಬಿಟ್ಟುಕೊಂಡ. ಸಣ್ಣಗೆ ಜುಮ್ಮೆಂದು ಸುಮ್ಮನಾಯಿತು. ಹೋಲಿಸಿ ನೋಡಲು ಔರಾದಿನ ಸೀಸೆಯಿಂದಲೂ ಬಿಟ್ಟುಕೊಂಡ. ಜನ ಕಣ್ಣರಳಿಸಿ ನೋಡುತ್ತಿದ್ದರಲ್ಲ, ಆ ಉಮೇದಿನಲ್ಲಿ ಹನಿ ಚಮಚೆಯಾಯಿತು.

ನಂತರ ಮಸುಕು ನೀರನ್ನು ಕಾಗದದಲ್ಲಿ ಸೋಸಿದ. ಕಾಗದದ ಮೇಲೆ ಬಿಳಿಯ ಹಿಟ್ಟಿನಂಥದ್ದು ಉಳಿಯಿತು. ಅದರ ಮೇಲೆ ತೇಜಾಬಿನ ತೊಟ್ಟು ಬಿಟ್ಟ. ಬುಸ್ ಎಂದು ನೊರೆ ಎದ್ದಿತು. ಸುಣ್ಣದ ಜಾತಿಯದು ಯಾವುದೋ ಒಳಗೆ ಬಿದ್ದು ಔಷಧದ ಬಲ ಕೆಡಿಸಿದೆ! ಇಷ್ಟು ವರ್ಷ ಕಾದ ವೈರಿ ಕೈಗೆ ಸಿಕ್ಕಿದ್ದ. ಸಾಲೋಮನ ಹಿಗ್ಗಿನಿಂದ ಬೂಚನ್ನು ಕೈಗೆತ್ತಿಕೊಂಡ, ಹಿಗ್ಗು ಅಲ್ಲೇ ಇಂಗಿತು. ಬೂಚಿನ ನೆತ್ತಿಯ ಮೇಲೆ ಮೂರು ಬಿಳಿಯ ಗೆರೆಗಳು. ಬದಿಗೆಲ್ಲ ಅದೇ ಪುಡಿ ಇಳಿದಿತ್ತು.

ಅವನು ಮಡೆಪ್ಪನ ಮುಖ ನೋಡಿದ. ಆ ಮುಖದ ಹಣೆಯ ಮೇಲೂ ಮೂರು ಗೆರೆ.

ಸತ್ಯಶೋಧನೆಯ ಆ ಮಹಾವೀರ ಆಗ ಮಾಡಿದ್ದಿಷ್ಟು: ಹೆಬ್ಬೆರಳಿನಿಂದ ಬೂಚನ್ನು ಮೆಲ್ಲಗೆ ಒರೆಸಿಬಿಟ್ಟ.

“ಏನು ಸಿಕ್ತು?” ಎಂದರು ಹೆಲೆನಬಾಯಿ. ನೊರೆಯನ್ನು ಅವರೂ ಕಂಡಿದ್ದರು. “ಸುಣ್ಣ ಇದ್ದಂಗ ಅದ. ಇಲ್ಲಿ ಎಲಿ ತಿನ್ನೋರು ಯಾರು?”

ಎಲ್ಲರ ಕಣ್ಣುಗಳು ಬಾಗಿಲಲ್ಲಿ ನಿಂತ ಜವಾನ ಅಬ್ದುಲ ವಾಹೀದನ ಕಡೆ ತಿರುಗಿದವು. ಅವನ ತುಟಿ ಕೆಂಪಗಿತ್ತು, ಬೆರಳ ತುದಿ ಸುಣ್ಣದಿಂದ ಬೆಳ್ಳಗಿತ್ತು.

“ಖುದಾ ಕಸಂ ಬಾಯಿಸಾಬ್, ನಾ ಸೀಸಾ ಮುಟ್ಟೇ ಇಲ್ರಿ! ಕಸಾ ಹೊಡೀತೇನಿ, ನೀರು ತುಂಬ್ತೇನಿ, ಅಷ್ಟೇ ರಿ!”

“ಮತ್ತ ಇದು ಮ್ಯಾಲಿಂದ ಉದುರ್ತೇನು?” ಎಂದರು ಹೆಲೆನಬಾಯಿ.

ಸಾಲೋಮನ ಗೆಳೆಯನನ್ನು ಉಳಿಸಲು ಹೋಗಿ ಏನೂ ಅರಿಯದವನನ್ನು ಬಲಿ ಕೊಡುತ್ತಿದ್ದ. ಇಲ್ಲ, ಹೇಳಿಬಿಡಬೇಕು. ಕೋಟು ಎಳೆದುಕೊಂಡು ಎದ್ದು ನಿಂತ, ಬಾಯಿ ತೆರೆದ.

“ಬಾಯೀಯೀ... ವಾಹೀಯಾ ಅಯ್ಯ... ಊಚು... ಊಚಿಯ ಮ್ಯಾಯೆ...”

ಔರಾದಿನ ಔಷಧ ಶುದ್ಧವಾಗಿತ್ತು. ಎಷ್ಟು ಶುದ್ಧವೆಂದರೆ ಲ್ಯಾಬೊರೇಟರಿ ಸಾಹೇಬನ ನಾಲಗೆ ಬಾಯಲ್ಲಿ ತೊಯ್ದ ಚಪ್ಪಲಿಯಂತೆ ಬಿದ್ದಿತ್ತು. ಅವನು ಬೂಚು ತೋರಿಸಿದ, ಅದನ್ನು ತಾನೇ ಒರೆಸಿಬಿಟ್ಟಿದ್ದ. ತನ್ನ ಹಣೆ ಮುಟ್ಟಿಕೊಂಡ, ಜ್ವರ ಬಂದಿದೆಯೆಂದು ಯಾರೋ ನೀರು ತಂದರು.

“ತಪಾಸ್ ಮಾಡಾವ್ನಿಗೇ ಲಕ್ವಾ ಹೊಡೀತಲ್ಲೋ ಯಪ್ಪಾ!” ಎಂದಳು ಸುಂದರಬಾಯಿ.

ಯಾರೂ ನಗುವ ಮೊದಲೇ ಮಡೆಪ್ಪ ಮುಂದೆ ಬಂದ. ಗೆಳೆಯನ ಕೈಯಿಂದ ಬೂಚು ತೆಗೆದುಕೊಂಡ.

“ವಾಹೀದಂದೇನೂ ಇಲ್ರಿ, ಬಾಯಾರ. ಇದು ನಂದ ಕೆಲಸ. ವಿಭೂತಿ ರಿ.”

ಜಗಲಿಯ ಮೇಲಿದ್ದವರ ಕಡೆ ಕೈ ತೋರಿಸಿ ಮಡೆಪ್ಪ ಮುಂದುವರಿಸಿದ.

“ಮೊದಲ ಈ ಔಷಧಕ್ಕ ಜನ ಅಂಜ್ತಿದ್ರು ರಿ. ಪರದೇಶದ್ದು, ಏನ ಕೂಡಿಸ್ಯಾರೋ, ಜಾತಿ ಕೆಡ್ತದ ಅಂತಿದ್ರು. ಜೋಮ ಇಲ್ದ ಹಲ್ಲು ಕೀಳಸ್ಕೊಂಡು ಚೀರ್ತಿದ್ರು. ನನಗ ನೋಡ್ಲಾಕ ಆಗ್ಲಿಲ್ರಿ. ಒಂದಿನ ಸೀಸಾಕ್ಕ ವಿಭೂತಿ ಹಚ್ಚಿ ಕೈ ಮುಗದು, ಇನ್ನ ಅಂಜಬ್ಯಾಡ್ರಿ ಅಂದೆ. ಕೂತ್ರು. ಅವತ್ತಿನಿಂದ ಸೂಜಿ ತುಂಬೋಮುಂದ ಹಚ್ತೇನಿ. ಬೂಚು ತಿರುವೋಮುಂದ ಒಳಗ ಉದುರ್ತದ ಅಂತ ತಿಳೀಲಿಲ್ರಿ. ಸೀಸಾ ತೊಳೀಲಾಕ ಬರ್ತೇನಿ ರಿ.”

ಹೆಲೆನಬಾಯಿ ಬೂಚನ್ನು ಈಸಿಕೊಂಡು ನೋಡಿದರು. ಅವರಿಗೂ ಇಕ್ಕಟ್ಟು ಗೊತ್ತಿತ್ತು. ವಿಭೂತಿಯನ್ನು ಹೊಲಸು ಎಂದರೆ ನಾಳೆ ಈ ಜಗಲಿಗೆ ಯಾರೂ ಬರುವುದಿಲ್ಲ. ಹೊಲಸಲ್ಲ ಎಂದರೆ ನಾಳೆ ಇನ್ನೊಂದು ಗಲ್ಲ ಊದುತ್ತದೆ. ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಚಪ್ಪಲಿ ಹುಡುಕತೊಡಗಿದ.

“ಏ ಕೂಡೋ ಸುಮ್ಮ!” ಸುಂದರಬಾಯಿ ಗಲ್ಲದ ಬಟ್ಟೆ ಬಿಚ್ಚಿ ಎದ್ದಳು. “ಮಡೆಪ್ಪಾ, ವಿಭೂತಿ ಎಲ್ಲಿ ಹಚ್ಚೋದೋ?”

“ಹಣಿಗಿ, ಆಯಿ.”

“ಸೀಸಾಕ್ಕ ಹಣಿ ಅದೇನು?”

ಸುಂದರಬಾಯಿ ತನ್ನ ಹಣೆಯನ್ನು ಬೆರಳಿನಿಂದ ತಟ್ಟಿದಳು.

“ಹಲ್ಲು ನಂದು, ಅಂಜಿಕಿ ನಂದು, ಹಣಿ ನಂದು. ವಿಭೂತಿ ಸೀಸಾಕ್ಕ! ಹಿಂಗ್ಯಾಕ ಮಾಡ್ತಿ? ನನಗ ಹಚ್ಚು. ಕೈ ತೊಳಕೊ. ಆಮ್ಯಾಲ ಹೊಸಾ ಸೀಸಾ ತೆಗಿ.”

ಮಡೆಪ್ಪ ಡಾಕ್ಟರಬಾಯಿಯ ಮುಖ ನೋಡಿದ.

“ಮಾಡು,” ಎಂದರು ಅವರು. “ಇದ್ರಾಗ ಜೋಮ ಸರಿ ಹಿಡದ್ರ ಕುರ್ಚಿ ಉಳೀತು.”

ಮಡೆಪ್ಪ ಮುದುಕಿಯ ಹಣೆಗೆ ಮೂರು ಗೆರೆ ಎಳೆದ. ಮೊಣಕೈತನಕ ಸಾಬೂನಿನಿಂದ ಕೈ ತೊಳೆದ. ನೀರು ಹೊಯ್ದವನು ಅಬ್ದುಲ ವಾಹೀದನೇ, ಒಂದಿಷ್ಟು ಜೋರಾಗಿಯೇ ಹೊಯ್ದ. ಸಾಲೋಮನ ಹೊಸ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದು ಅವನಿಗೆ ಜೀವನದಲ್ಲಿ ಮೊದಲ ಬಾರಿ ಚೆಂದ ಕಂಡಿತು. ಮಾತಾಡಲಾರದೆ ತಲೆಯಾಡಿಸಿದ.

ಸೂಜಿ ಹೋಯಿತು. ಸ್ವಲ್ಪ ಹೊತ್ತು ಕಾದರು. ಮಡೆಪ್ಪ ಇಕ್ಕಳ ಹಿಡಿದು ಬಾಗಿದ. ಸಾಲೋಮನ ಕಣ್ಣು ಮುಚ್ಚಿಕೊಂಡು ತನ್ನ ದವಡೆ ಹಿಡಿದುಕೊಂಡ.

“ಎಷ್ಟೊತ್ತೋ ಯಪ್ಪಾ?” ಸುಂದರಬಾಯಿ ತೊದಲಿದಳು. “ಬಾಯಾಗ ನೊಣ ಹೊಕ್ಕೀತು. ಕೀಳೋದಿದ್ರ ಲಗೂ ಕೀಳು.”

ಹಲ್ಲು ಆಗಲೇ ತಟ್ಟೆಯಲ್ಲಿತ್ತು. ಹೆಲೆನಬಾಯಿ ಅದನ್ನೂ ಮುದುಕಿಯನ್ನೂ ನೋಡಿ ನಕ್ಕೇಬಿಟ್ಟರು.

“ಬೀದರಿಗೆ ಸೀಸಾ ತೊಳೀಲಾಕ ಬ್ಯಾರೆಯವರ್ನ ನೋಡ್ತೇನಿ, ಮಡೆಪ್ಪ. ನೀ ಇಲ್ಲೇ ಇರು.”

ಸಾಲೋಮನ ಗೆಳೆಯನ ಸೊಂಟ ಅಪ್ಪಿಕೊಂಡ, ಈ ಸಲ ಎಲ್ಲರೆದುರೇ. ಮಡೆಪ್ಪ ಕಣ್ಣೊರೆಸಿಕೊಂಡು ತಟ್ಟೆಯನ್ನು ಸುಂದರಬಾಯಿಯ ಮುಂದೆ ಹಿಡಿದ. ಅವಳು ಹಲ್ಲನ್ನು ಎತ್ತಿ, ತಿರುಗಿಸಿ ನೋಡಿ, ಮರಳಿ ಅದರಲ್ಲೇ ಹಾಕಿದಳು.

“ಇದು ನಂದಲ್ಲ. ನಂದಾಗಿದ್ರ ನೋಯ್ತಿದ್ದಿಲ್ಲೇನು?”